ಅಭ್ರಕವಿಲ್ಲದ ಸನ್‌ಮೈಕ



ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಹೊಸ ಮನೆಗಳಲ್ಲಿ ಸನ್‌ಮೈಕ ಹೊದಿಸಿದ ಕಪಾಟುಗಳು ಸಾಮಾನ್ಯ. ಹೆಸರಿನಲ್ಲಿ ಮೈಕ, ಅಂದರೆ ಅಭ್ರಕ, ನಮ್ಮ ಹಿರಿಯರ ಕಾಗೆಬಂಗಾರ, ಇದೆ, ಹಾಳೆಯಲ್ಲಿ ಅದಿಲ್ಲ. ರಾಳ ಹೀರಿದ ಕಂದು ಕಾಗದದ ಹಲವು ಪದರಗಳ ಮೇಲೆ ಬಣ್ಣದ ಕಾಗದವೊಂದನ್ನಿಟ್ಟು, ಶಾಖ ಮತ್ತು ಒತ್ತಡಗಳಿಂದ ಒಂದಾಗಿಸಿದ ಹಾಳೆಯಿದು. ಕತ್ತರಿಸಿದ ಅಂಚನ್ನು ನೋಡಿದರೆ ಆ ಕಂದು ಬಣ್ಣ ಕಾಣುತ್ತದೆ.

1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಎಂಬ ರಸಾಯನ ವಿಜ್ಞಾನಿ ಬೇಕಲೈಟ್ ರಾಳವನ್ನು ಸಿದ್ಧಪಡಿಸಿದರು. 1913ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಹರ್ಬರ್ಟ್ ಫೇಬರ್ ಮತ್ತು ಡೇನಿಯಲ್ ಓಕಾನರ್ ಅಂಥ ರಾಳದಿಂದ ವಿದ್ಯುತ್ ನಿರೋಧಕಗಳನ್ನು ಮಾಡುವ ಕಂಪೆನಿಯನ್ನು ಸ್ಥಾಪಿಸಿದರು. ಅಭ್ರಕದ ಬದಲಿಗೆ ಎಂಬರ್ಥದ ಇಂಗ್ಲಿಷ್ ಮಾತಿನಿಂದ 'ಫಾರ್ಮೈಕ' ಎಂಬ ಹೆಸರು ಹುಟ್ಟಿತು. ಯಂತ್ರದೊಳಗಿನ ವಸ್ತು ಕಾಲಕ್ರಮದಲ್ಲಿ ಮೇಜಿನ ಮೇಲಕ್ಕೆ ಬಂತು. ನಮ್ಮಲ್ಲಿ ಸನ್‌ಮೈಕ ಎಂಬ ವ್ಯಾಪಾರನಾಮವೇ ವಸ್ತುವಿನ ಹೆಸರಾಗಿ ನಿಂತಿತು.

ಹಲಸು, ಸಾಗುವಾನಿಗಳ ಎಳೆಯನ್ನರಿತು ಕೀಸುಳಿ ಹಿಡಿಯುತ್ತಿದ್ದ ನಮ್ಮ ಆಚಾರಿಗಳು ಈ ಹಾಳೆಗಾಗಿ ಬೇರೊಂದು ವಿದ್ಯೆಯನ್ನೇ ಕಲಿಯಬೇಕಾಯಿತು. ಒರಟು ಗರಗಸಕ್ಕೆ ಇದರ ಅಂಚು ಸಿಡಿಯುತ್ತದೆ. ಆದ್ದರಿಂದ ಬಣ್ಣದ ಮೈಮೇಲೆ ಗಟ್ಟಿ ಮೊನೆಯಿಂದ ಹಲವು ಬಾರಿ ಗೀರಿ, ಗೀರಿದ ಮೈಯ ಕಡೆಗೇ ಎತ್ತಿ ಮುರಿಯುತ್ತಾರೆ. ತೂತು ಕೊರೆಯುವಾಗ ಕೆಳಗೆ ಮರದ ತುಂಡಿನ ಆಸರೆ ಬೇಕು. ಒಳಮೂಲೆಯನ್ನು ಚೂಪಾಗಿ ಕತ್ತರಿಸಿದರೆ ಅಲ್ಲಿಂದಲೇ ಬಿರುಕು ಹೊರಡುವುದರಿಂದ, ಮೊದಲು ಮೂಲೆಯಲ್ಲೊಂದು ದುಂಡು ತೂತು ಕೊರೆಯುತ್ತಾರೆ. ಅರವನ್ನು ಬಣ್ಣದ ಮೈಯಿಂದ ಹಲಗೆಯತ್ತ ಮಾತ್ರ ಎಳೆಯುತ್ತಾರೆ. ಕೊರೆಯುವಾಗ, ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಹಿತವಲ್ಲ. ಮೂಗಿಗೆ ಬಟ್ಟೆ ಕಟ್ಟಿದರಷ್ಟೇ ಸಾಲದು, ತಕ್ಕ ಮುಖಗವಸು ಬೇಕು.

ಅಂಟಿನ ಕಥೆಯೂ ಹೀಗೆಯೇ. ಪ್ರಾಣಿಗಳ ಚರ್ಮ, ಎಲುಬುಗಳಿಂದ ಮಾಡಿದ ಮರವಜ್ರವನ್ನು ಕಾಯಿಸಿ ಹಚ್ಚುವ ಕ್ರಮವಿತ್ತು. 1959ರಲ್ಲಿ ಬಂದ ಫೆವಿಕಾಲ್ ಆ ಒಲೆಯನ್ನು ಆರಿಸಿತು. ಆದರೆ ನಮ್ಮ ಕರಾವಳಿಯ ಮಳೆಗಾಲ ಅಂಟನ್ನೂ ಪರೀಕ್ಷಿಸುತ್ತದೆ. ಒಂದೇ ಬದಿಗೆ ಹಾಳೆ ಹೊದಿಸಿದ ಬಾಗಿಲು ತೇವದಲ್ಲಿ ಬಾಗುತ್ತದೆ. ಹಿಂಬದಿಗೂ ಹಾಳೆ ಅಂಟಿಸಬೇಕೆಂಬುದನ್ನು ಬಲ್ಲವರು ಮರೆಯುವುದಿಲ್ಲ.

ಒಂದು ನಷ್ಟವನ್ನೂ ಹೇಳಬೇಕು. ಕೀಲು ಕೂಡಿಸಿ ಮಾಡಿದ ಅಜ್ಜನ ಪೆಟ್ಟಿಗೆಯನ್ನು ಬಿಚ್ಚಿ, ಕೆಟ್ಟ ಹಲಗೆಯೊಂದನ್ನೇ ಬದಲಿಸಬಹುದು. ಅಂಟಿಸಿದ ಕಪಾಟಿನ ಒಳಗಿನ ಹಲಗೆ ಕೊಳೆತರೆ ಮೇಲಿನ ಹೊಳಪು ಹಾಗೆಯೇ ಇದ್ದರೂ ಇಡೀ ಕಪಾಟು ಕಸಕ್ಕೆ ಹೋಗುತ್ತದೆ. ನಿಮ್ಮೂರಿನಲ್ಲಿ ಈ ಎರಡೂ ವಿದ್ಯೆ ಬಲ್ಲ ಹಿರಿಯ ಆಚಾರಿಗಳಿದ್ದರೆ, ಅವರ ಮಾತನ್ನು ಈಗಲೇ ಕೇಳಿ ಬರೆದಿಡಿ.