ಪುಣೆಯ ಕಪ್ಪುಶಿಲೆಯಲ್ಲಿ ಭೂಕಾಂತತ್ವದ ದಾಖಲೆ

ಭೂಮಿಯೊಳಗೆ ಸುಮಾರು 2,900 ಕಿ.ಮೀ. ಆಳದಲ್ಲಿ ದ್ರವರೂಪದ ಕಬ್ಬಿಣವೇ ಪ್ರಧಾನವಾದ ಹೊರತಿರುಳು ಆರಂಭವಾಗುತ್ತದೆ. ಒಳಗಿನ ಶಾಖ ಹಾಗೂ ಭೂಮಿಯ ತಿರುಗುವಿಕೆಯಿಂದ ಈ ದ್ರವವು ಸುಳಿಸುಳಿಯಾಗಿ ಚಲಿಸುತ್ತದೆ. ಆಗ ಹುಟ್ಟುವ ವಿದ್ಯುತ್ ಪ್ರವಾಹಗಳೇ ಭೂಕಾಂತಕ್ಷೇತ್ರವನ್ನು ನಿರ್ಮಿಸುತ್ತವೆ. ಈ ಚಲನೆ ಬದಲಾದಂತೆ ಕ್ಷೇತ್ರವೂ ಬದಲಾಗುತ್ತದೆ. ಕೆಲವೊಮ್ಮೆ ಕಾಂತಧ್ರುವಗಳೇ ಅದಲುಬದಲಾಗುತ್ತವೆ. ಇಂತಹ ಕೊನೆಯ ಪಲ್ಲಟವು ಸುಮಾರು 7.8 ಲಕ್ಷ ವರ್ಷಗಳ ಹಿಂದೆ ನಡೆಯಿತು.

ಇನ್ನೂ ಹಳೆಯ ಪಲ್ಲಟಕ್ಕೆ ನಮ್ಮ ನೆಲವೇ ಸಾಕ್ಷಿ. ಪುಣೆಯ ಸಿಂಹಗಡದಿಂದ ವಿಜಯಪುರ, ಬೀದರಗಳವರೆಗೂ ಹಬ್ಬಿರುವ ಕಪ್ಪುಶಿಲೆಯು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಅದು ಆರುವಾಗ ಅದರೊಳಗಿನ ಕಬ್ಬಿಣದ ಖನಿಜಗಳು ಅಂದಿನ ಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಂಡವು. ಪಶ್ಚಿಮ ಘಟ್ಟದ ಬಹುಪಾಲು ಲಾವಾಪದರಗಳಲ್ಲಿ ಆ ದಿಕ್ಕು ಇಂದಿನದಕ್ಕೆ ವಿರುದ್ಧ. ಮಹಾಬಳೇಶ್ವರದ ಮೇಲಿನ ಪದರಗಳಲ್ಲಿ ಇಂದಿನಂತೆಯೇ. ಆ ಮೊದಲ ಪದರಗಳ ಕಾಲದಲ್ಲಿ ದಿಕ್ಸೂಚಿಯೊಂದು ಇದ್ದಿದ್ದರೆ, ಅದರ ಉತ್ತರದ ಮುಳ್ಳು ದಕ್ಷಿಣವನ್ನೇ ತೋರುತ್ತಿತ್ತು.