ಬಣ್ಣ ಕಳೆದುಕೊಂಡ ಧಾನ್ಯ

ಕನಕದಾಸರ ‘ರಾಮಧಾನ್ಯಚರಿತ್ರೆ’ಯನ್ನು ಅನೇಕ ವರ್ಷ ತರಗತಿಯಲ್ಲಿ ಬೋಧಿಸಿದವನು ನಾನು. ಭತ್ತವೂ ರಾಗಿಯೂ ಹಿರಿತನಕ್ಕಾಗಿ ಕಾದಾಡುತ್ತವೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಸೊರಗುವುದಿಲ್ಲ. ಇದನ್ನು ಬಡವರ ಪರವಾದ ವಾದವೆಂದಷ್ಟೇ ವಿವರಿಸುತ್ತಿದ್ದೆ. ನಾಗಮಂಗಲದ ಕಡೆಯ ನಮ್ಮ ಹಳ್ಳಿಯ ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದುದನ್ನು ಕಂಡಿದ್ದೆನಾದರೂ, ಅದನ್ನು ಕಾವ್ಯದೊಡನೆ ಕೂಡಿಸಿ ನೋಡಿರಲಿಲ್ಲ.

ರಾಗಿಯ ಕಂದು ಸಿಪ್ಪೆಯಲ್ಲಿ ಪಾಲಿಫಿನಾಲುಗಳೆಂಬ ದ್ರವ್ಯಗಳಿವೆ. ಕಾಳಿಗೆ ಬೂಷ್ಟು ಹಿಡಿಯದಂತೆ ಕಾಯುವುದರಲ್ಲಿ ಅವುಗಳ ಪಾಲಿದೆ. ಉತ್ಕರ್ಷಣ ನಿರೋಧಕಗಳೆಂದು ಇಂದು ಎಲ್ಲರೂ ಹೊಗಳುವ ವರ್ಗಕ್ಕೆ ಸೇರಿದವೂ ಅವೇ. ಬಿಳಿಯ ರಾಗಿಯಲ್ಲಿ ಅವು ತೀರ ಕಡಮೆ. ಕೆಂಪಕ್ಕಿಯಲ್ಲಿಯೂ ಬಣ್ಣವಿರುವುದು ತವುಡಿನ ಪದರದಲ್ಲಿ. ಗಿರಣಿಯಲ್ಲಿ ಪಾಲಿಶ್ ಮಾಡಿದರೆ ಬಣ್ಣದೊಡನೆ ಸತ್ತ್ವವೂ ಹೋಯಿತು.

ನಮ್ಮ ನಾಲ್ಕು ತಾಲ್ಲೂಕುಗಳ ಚರಿತ್ರೆಯನ್ನು ಈ ಬಣ್ಣದ ಮೂಲಕವೂ ಓದಬಹುದು. ಶ್ರೀರಂಗಪಟ್ಟಣಕ್ಕೆ ಅರಸರ ಕಾಲದಿಂದಲೇ ಕಾವೇರಿಯ ನಾಲೆಗಳಿದ್ದವು. ಕೃಷ್ಣರಾಜಪೇಟೆಗೆ ಹೇಮಾವತಿಯಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂದಿತು. ಹಿಂದೆ ಫ್ರೆಂಚ್ ರಾಕ್ಸ್ ಎನಿಸಿಕೊಂಡಿದ್ದ ಪಾಂಡವಪುರದ ಸೀಮೆಯೂ ಕಬ್ಬಿನ ಸೀಮೆಯಾಯಿತು. ನಾಗಮಂಗಲ ಮಾತ್ರ ಬಹುಪಾಲು ಮಳೆಯನ್ನೂ ತಿಪ್ಪೆಗೊಬ್ಬರವನ್ನೂ ನೆಚ್ಚಿಕೊಂಡು ರಾಗಿ ಬೆಳೆಯಿತು. ಹೆಣ್ಣು ಹೆತ್ತವರು ನಾಲೆ ಬಯಲಿನ ಸಂಬಂಧಕ್ಕಾಗಿ ಹಂಬಲಿಸುತ್ತಿದ್ದರು. ನೆಂಟರು ಬಂದ ದಿನ ನಮ್ಮ ತಾಯಿ ಅನ್ನ ಬಡಿಸಿ, ಮುದ್ದೆಯ ತಪ್ಪಲೆಯನ್ನು ಒಳಮನೆಗೆ ಸರಿಸುತ್ತಿದ್ದರು. ಆ ನಾಚಿಕೆ ನನ್ನಲ್ಲಿಯೂ ಬಹುಕಾಲ ಉಳಿದಿತ್ತು.

ಹಾಗಾದರೆ ಸಾವಯವ ಗೊಬ್ಬರದಿಂದ ಈ ಸತ್ತ್ವ ಹೆಚ್ಚುವುದೇ? ವಿದ್ವಾಂಸರಲ್ಲಿ ಒಮ್ಮತವಿಲ್ಲ. ಪೋಷಕಾಂಶದಲ್ಲಿ ಹೆಚ್ಚಿನ ವ್ಯತ್ಯಾಸಕ್ಕೆ ಬಲವಾದ ಆಧಾರವಿಲ್ಲವೆಂದು 2012ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು ಹೇಳಿದರು. 2014ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು 343 ಪ್ರಬಂಧಗಳನ್ನು ಕಲೆಹಾಕಿ, ಸಾವಯವ ಬೆಳೆಗಳಲ್ಲಿ ಉತ್ಕರ್ಷಣ ನಿರೋಧಕಗಳು ಹೆಚ್ಚು ಎಂದರು. ಸುಲಭವಾಗಿ ಸಾರಜನಕ ಸಿಕ್ಕಿದ ಗಿಡ ಬೆಳವಣಿಗೆಯತ್ತ ಓಡುತ್ತದೆ, ಕೊರತೆಯಲ್ಲಿ ಬೆಳೆದದ್ದು ಆತ್ಮರಕ್ಷಣೆಯ ದ್ರವ್ಯಗಳನ್ನು ಕೂಡಿಡುತ್ತದೆ ಎಂಬುದು ಅದಕ್ಕೆ ಕೊಡುವ ಒಂದು ಕಾರಣ. ಒಪ್ಪತಕ್ಕ ಮಾತು. ಆದರೆ ಗೊಬ್ಬರ ಯಾವುದಾದರೇನು, ಕೊನೆಗೆ ಸಿಪ್ಪೆಯನ್ನೇ ಕಿತ್ತೆಸೆದರೆ? ತಳಿ ಮತ್ತು ಗಿರಣಿಗಳ ಪ್ರಶ್ನೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಮಂಡ್ಯದ ವಿ.ಸಿ. ಫಾರಂನಿಂದಲೇ ಬಿಳಿ ರಾಗಿಯ ತಳಿಯೊಂದು ಹೊರಬಂದಿದೆ. ಬಿಳುಪಿನ ಮೋಹ ಎಷ್ಟು ಆಳದ್ದು ನೋಡಿ!

ಬೆಲ್ಲಕ್ಕೂ ಈ ಮೋಹ ತಟ್ಟಿದೆ. ಹಿಂದೆ ಕಬ್ಬಿನ ಹಾಲಿನ ಕಲ್ಮಷ ತೆಗೆಯಲು ಬೆಂಡೆಯ ಲೋಳೆ ಹಾಕುತ್ತಿದ್ದರು; ಆಮೇಲೆ ಹೊಂಬಣ್ಣ ಬರಿಸಲು ಹೈಡ್ರೋಸ್ ಬಂದಿತು. ಪಾಂಡವಪುರದ ಬಳಿಯ ಆಲೆಮನೆಯೊಂದರಲ್ಲಿ ಇದನ್ನು ಪ್ರಸ್ತಾಪಿಸಿದಾಗ, ಕೊಪ್ಪರಿಗೆಯ ಮುಂದಿದ್ದ ಹಿರಿಯರು ನಕ್ಕರು. “ಕಪ್ಪು ಬೆಲ್ಲವ ಮಂಡೀಲಿ ಯಾರೂ ಮುಟ್ತಿರ್ಲಿಲ್ಲ ಮೇಷ್ಟ್ರೇ. ಈಗ ಬೆಂಗ್ಳೂರೋರು ಅದ್ನೇ ಕೇಳ್ಕಂಡು ಬತ್ತಾರೆ” ಎಂದರು. ಎರಡು ಅಚ್ಚು ಕಪ್ಪು ಬೆಲ್ಲ ಕೊಂಡೆ. ಬಿಳಿಯ ಅಚ್ಚಿಗಿಂತ ಅದಕ್ಕೇ ಬೆಲೆ ಹೆಚ್ಚು.