ಒಂದು ವರ್ಷದ ಮಾತು, ಹತ್ತೊಂಬತ್ತು ವರ್ಷದ ದಾರಿ

ಹಾರ್ಡ್ ಡಿಸ್ಕ್ ಎಂದರೆ ಕಚೇರಿಯ ಕಂಪ್ಯೂಟರಿನ ಅಂಗವೆಂದೇ ಜನರು ತಿಳಿದಿದ್ದ ಕಾಲವದು. 1994ರಲ್ಲಿ ಅಮೆರಿಕದ ವಿಡಿಯೋ ಗೇಮ್ ಅಂಗಡಿಗಳಿಗೆ ಬಂದ ‘ಕಿಲ್ಲರ್ ಇನ್‌ಸ್ಟಿಂಕ್ಟ್’ ಎಂಬ ಕಾಳಗದ ಆಟವು ಅದನ್ನು ತನ್ನ ಪೆಟ್ಟಿಗೆಯೊಳಗೇ ಹೊತ್ತು ತಂದಿತು. ಆಟವನ್ನು ರೂಪಿಸಿದ್ದು ಇಂಗ್ಲೆಂಡಿನ ಟ್ವೈಕ್ರಾಸ್ ಎಂಬ ಹಳ್ಳಿಯಲ್ಲಿದ್ದ ರೇರ್ ಸಂಸ್ಥೆ. ಯಂತ್ರವನ್ನು ಮಾರುಕಟ್ಟೆಗೆ ತಂದದ್ದು ಅಮೆರಿಕದ ಮಿಡ್‌ವೇ. ಬೆನ್ನಿಗಿದ್ದುದು ಜಪಾನಿನ ನಿಂಟೆಂಡೊ.

ಹೊಡೆದಾಟದ ಆಟಕ್ಕೆ ಕಥೆಯೇಕೆ ಎಂದು ನೀವು ಕೇಳಬಹುದು. ಆದರೆ ಇದರ ಕಥೆಗೆ ಸ್ವಲ್ಪ ತೂಕವಿದೆ. ಅಲ್ಟ್ರಾಟೆಕ್ ಎಂಬ ದೈತ್ಯ ಕಂಪನಿ ತನ್ನ ಆಯುಧಗಳ ಪರೀಕ್ಷೆಯನ್ನೇ ಪಂದ್ಯಾವಳಿಯೆಂದು ಕರೆದು ನಡೆಸುತ್ತದೆ. ಫಲ್ಗೋರ್ ಎಂಬ ಯಂತ್ರಮಾನವ ಗೆದ್ದರೆ ಅಂಥವನ್ನೇ ರಾಶಿ ರಾಶಿಯಾಗಿ ತಯಾರಿಸುವ ಯೋಜನೆ. ಸಿಂಡರ್ ಒಬ್ಬ ಕೈದಿ. ಪ್ರಯೋಗಕ್ಕೆ ಸಿಕ್ಕಿ ಬೆಂಕಿಯ ದೇಹ ಪಡೆದವನು. ಸೆರೆಸಿಕ್ಕ ಅನ್ಯಗ್ರಹವಾಸಿ ಗ್ಲೇಷಿಯಸ್‌ನನ್ನು ಸೋಲಿಸಿದರೆ ಅವನಿಗೆ ಬಿಡುಗಡೆ. ಇಬ್ಬರು ಬಂದಿಗಳನ್ನು ಪರಸ್ಪರ ಹೊಡೆದಾಡಿಸುವ ಈ ಕ್ರೌರ್ಯವು ಆಟದ ರಕ್ತದೋಕುಳಿಗಿಂತ ಹೆಚ್ಚು ಕಾಡುತ್ತದೆ.

ಪಾತ್ರಗಳನ್ನು ಸಿಲಿಕಾನ್ ಗ್ರಾಫಿಕ್ಸ್ ಕಂಪ್ಯೂಟರುಗಳಲ್ಲಿ ಮೂರು ಆಯಾಮಗಳಲ್ಲಿ ರಚಿಸಿ, ಪ್ರತಿ ಭಂಗಿಯನ್ನೂ ಚಿತ್ರವಾಗಿ ಉಳಿಸಿಕೊಂಡಿದ್ದರು. ಹಿನ್ನೆಲೆಯ ದೃಶ್ಯಗಳಂತೂ ಚಲನಚಿತ್ರದಂತೆ ಡಿಸ್ಕಿನಿಂದ ಹರಿದು ಬರುತ್ತಿದ್ದವು. ಇಷ್ಟನ್ನೆಲ್ಲ ಇರಿಸಿಕೊಳ್ಳಲು ಅಂದಿನ ಮೆಮೊರಿ ಚಿಪ್ಪುಗಳು ಸಾಲುತ್ತಿರಲಿಲ್ಲ.

ಯಾರೂ ಆಡದಿರುವಾಗ ಯಂತ್ರವು ಒಂದು ಘೋಷಣೆಯನ್ನು ತೋರಿಸುತ್ತಿತ್ತು: 1995ರಲ್ಲಿ ಈ ಆಟ ನಿಂಟೆಂಡೊ ಅಲ್ಟ್ರಾ 64ರ ಮೂಲಕ ನಿಮ್ಮ ಮನೆಗೇ ಬರಲಿದೆ! ಮಕ್ಕಳು ನಂಬಿ ಕಾದರು. ಆದರೆ ಆ ಯಂತ್ರ ‘ನಿಂಟೆಂಡೊ 64’ ಎಂಬ ಹೆಸರಿನಿಂದ ಹೊರಬಂದದ್ದೇ 1996ರಲ್ಲಿ. 1995ರಲ್ಲಿ ದೊರೆತದ್ದು ಹಳೆಯ ಸೂಪರ್ ನಿಂಟೆಂಡೊ ಯಂತ್ರಕ್ಕಾಗಿ ಮಾಡಿದ ಕಪ್ಪು ಕಾರ್ಟ್ರಿಡ್ಜ್. ಅದರ ಸಾಮರ್ಥ್ಯ 4 ಮೆಗಾಬೈಟ್ ಮಾತ್ರ. ಪಾತ್ರಗಳು ಕುಗ್ಗಿದವು, ಚಲಿಸುವ ಹಿನ್ನೆಲೆಗಳು ಮಾಯವಾದವು. ಜೊತೆಗೊಂದು ಹಾಡಿನ ಸಿ.ಡಿ. ಕೊಟ್ಟರು, ಊಟ ಕಡಿಮೆಯಾದಾಗ ತಾಂಬೂಲ ಹೆಚ್ಚು ಕೊಟ್ಟಂತೆ! 1996ರಲ್ಲಿ ಹೊಸ ಯಂತ್ರಕ್ಕೆ ಬಂದ ‘ಕಿಲ್ಲರ್ ಇನ್‌ಸ್ಟಿಂಕ್ಟ್ ಗೋಲ್ಡ್’ ಕೂಡ ಎರಡನೆಯ ಭಾಗದ ರೂಪಾಂತರವೇ ಹೊರತು ಮೊದಲಿನದಲ್ಲ.

2002ರಲ್ಲಿ ಮೈಕ್ರೋಸಾಫ್ಟ್ ರೇರ್ ಸಂಸ್ಥೆಯನ್ನು ಕೊಂಡಿತು. ಅಂಗಡಿಯ ಮೂಲ ಆಟ ಮನೆಯ ಯಂತ್ರಕ್ಕೆ ಬಂದದ್ದು 2013ರಲ್ಲಿ, ನಿಂಟೆಂಡೊದ ಪ್ರತಿಸ್ಪರ್ಧಿಯಾದ ಎಕ್ಸ್‌ಬಾಕ್ಸ್ ಒನ್‌ನಲ್ಲಿ. ಅಷ್ಟರಲ್ಲಿ ಕಾದಿದ್ದ ಮಕ್ಕಳಿಗೇ ಮಕ್ಕಳಾಗಿರಬೇಕು.

ಇತ್ತ ಹಳೆಯ ಪೆಟ್ಟಿಗೆಗಳಲ್ಲಿ ತಿರುಗಿ ತಿರುಗಿ ಸವೆದ ಡಿಸ್ಕುಗಳು ಒಂದೊಂದಾಗಿ ಕೈಕೊಡುತ್ತಿವೆ. ಸಂಗ್ರಾಹಕರು ಅವುಗಳೊಳಗಿನದನ್ನು ನಕಲು ಮಾಡಿ, ಅದೇ ಜಾಗದಲ್ಲಿ ಬೆಂಕಿಪೊಟ್ಟಣಕ್ಕಿಂತ ತೆಳುವಾದ ಮೆಮೊರಿ ಕಾರ್ಡನ್ನು ಕೂರಿಸುತ್ತಿದ್ದಾರೆ.